ಒಂದು ಸಿರಿಂಜ್ ಗ್ರೀಸು

ನಮ್ಮ ಯಜಮಾನರು ಬಿಲ್ಲು ಓದುವುದನ್ನು ನೀವು ಒಮ್ಮೆ ನೋಡಬೇಕು. ಹೋಟೆಲಿನದಿರಲಿ, ಔಷಧಿ ಅಂಗಡಿಯದಿರಲಿ, ಮೊದಲು ಕನ್ನಡಕ ಒರೆಸುತ್ತಾರೆ, ಆಮೇಲೆ ಬಿಲ್ಲನ್ನು ಬೆಳಕಿಗೆ ಹಿಡಿಯುತ್ತಾರೆ, ಆಮೇಲೆ ಕೊಟ್ಟವನ ಮುಖವನ್ನೇ ನೋಡುತ್ತಾರೆ. ಅಷ್ಟರಲ್ಲಿ ಆ ಪಾಪದವನು ಮಾಡದ ತಪ್ಪಿಗೂ ಬೆವರಿರುತ್ತಾನೆ. ಒಂದು ಕಂಪನಿಯಲ್ಲಿ ಬೇರೆಯವರ ಖರ್ಚಿನ ಬಿಲ್ಲುಗಳನ್ನು ತಪಾಸಣೆ ಮಾಡುವುದೇ ಇವರ ಉದ್ಯೋಗ. ಮನೆಗೆ ಬಂದ ಮೇಲೂ ಆ ಉದ್ಯೋಗಕ್ಕೆ ಬಿಡುವಿಲ್ಲ. ನಾನು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ನನ್ನ ದಾರದ ಉಂಡೆಗೂ ಒಮ್ಮೆ ಲೆಕ್ಕ ಕೇಳಿದ ಪುಣ್ಯಾತ್ಮರು.

ಇಂಥವರ ಕಾರು ಸದ್ದು ಮಾಡತೊಡಗಿತು. ಗೇಟು ದಾಟಿ ತಿರುಗುವಾಗ ಎಡಗಡೆಯ ಮುಂದಿನ ಚಕ್ರದ ಹತ್ತಿರ 'ಕಟಕ್'. ರಸ್ತೆಯ ಉಬ್ಬು ಹತ್ತಿಳಿದರೆ ಇನ್ನೊಂದು 'ಕಟಕ್'. ಹೊಲಿಗೆ ಯಂತ್ರದ ಗದ್ದಲದ ನಡುವೆಯೂ ನನಗೆ ಕೇಳಿಸಿತು, ಸ್ಟೀರಿಂಗ್ ಹಿಡಿದು ಕೂತವರಿಗೆ ಕೇಳಿಸಲಿಲ್ಲ. ಖರ್ಚಿನ ವಾಸನೆ ಇರುವ ಯಾವ ಸದ್ದೂ ಇವರ ಕಿವಿಗೆ ಬೇಗ ಬೀಳುವುದಿಲ್ಲ. ಅಲ್ಲದೆ ಆ ಕಾರನ್ನು ಇವರು ಹೊಗಳಿದಷ್ಟು ನನ್ನನ್ನಂತೂ ಯಾವತ್ತೂ ಹೊಗಳಿದವರಲ್ಲ. ಬೆಣ್ಣೆ ಥರ ಓಡುತ್ತೆ ಎಂದು ಸಿಕ್ಕಸಿಕ್ಕವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಬೀಗರು ಸಿಕ್ಕಿದರಂತೂ, ಅಂದರೆ ನಮ್ಮ ಮಗಳ ಮಾವ ಸಿಕ್ಕಿದರಂತೂ, ಊಟ ಆರಿಹೋಗುವವರೆಗೆ ಅದೇ ಪುರಾಣ.

ಕೊನೆಗೆ ನನ್ನ ಕಾಟ ತಾಳಲಾರದೆ ಮೂಲೆಯ ಗ್ಯಾರೇಜಿಗೆ ಒಯ್ದರು. ನನಗೂ ಅತ್ತಲಿಂದ ಅಸ್ತರಿನ ಬಟ್ಟೆ ತರಬೇಕಿತ್ತು, ಜೊತೆಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಬಾಯಾಳಿ. ಅವನ ಒಂದು ಕಿವಿಯಲ್ಲಿ ಸದಾ ಫೋನು, ಇನ್ನೊಂದು ಕಿವಿ ಮಾತ್ರ ಗಿರಾಕಿಗೆ. ಜಾಕಿ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿದ. ಒಂದು ಕೈಯಿಂದ ಚಕ್ರದ ನೆತ್ತಿ, ಇನ್ನೊಂದರಿಂದ ಬುಡ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದ. 'ಕಟಕ್, ಕಟಕ್.' ಫೋನಿನಲ್ಲಿದ್ದವನಿಗೂ ಕೇಳಿಸಿರಬೇಕು.

"ಬಾಲ್ ಜಾಯಿಂಟ್ ಸವೆದಿದೆ ಮೇಡಂ," ಎಂದು ನನ್ನ ಕಡೆ ತಿರುಗಿ ಹೇಳಿದ. "ನಮ್ಮ ಭುಜದ ಕೀಲು ಇದ್ದ ಹಾಗೆ ಇದು. ಬಟ್ಟಲಿನೊಳಗೆ ಒಂದು ಗುಂಡು. ರಬ್ಬರು ಹರಿದು ಮಣ್ಣು ಸೇರ್ಕೊಂಡಿದೆ, ಗುಂಡು ಸಡಿಲ ಆಗಿದೆ. ಓಡ್ತಾ ಓಡ್ತಾ ಪೂರ್ತಿ ಕಳಚ್ಕೊಂಡ್ರೆ ಚಕ್ರ ಮಡಚ್ಕೊಂಡು ಮಲಗುತ್ತೆ. ಆಮೇಲೆ ಸ್ಟೀರಿಂಗ್ ಎತ್ತ ತಿರುಗಿಸಿದ್ರೂ ಒಂದೇ."

ಬಲಗಡೆಯದೂ ಅದೇ ದಾರಿ ಹಿಡಿದಿದೆ, ಎರಡನ್ನೂ ಒಟ್ಟಿಗೆ ಬದಲಿಸಿ ಚಕ್ರದ ಅಲೈನ್‌ಮೆಂಟ್ ಮಾಡಿಸಿದರೆ ಕೆಲಸ ಮುಗಿಯಿತು ಎಂದು ಎಸ್ಟಿಮೇಟ್ ಬರೆದುಕೊಟ್ಟ. ಇವರು ಕನ್ನಡಕ ಒರೆಸಿದರು. ಜಾಯಿಂಟುಗಳ ಕೆಳಗೆ ಇನ್ನೆರಡು ಸಾಲುಗಳಿದ್ದವು, ಎಂಜಿನ್ ತೊಳೆಯುವ ದ್ರಾವಣ ಮತ್ತು ಎ.ಸಿ.ಗೆ ಸುಗಂಧ. ಸದ್ದು ಮಾಡುವ ಚಕ್ರಕ್ಕೆ ಸುಗಂಧ ಯಾಕಪ್ಪಾ ಎಂದು ಇವರು ಕೇಳಿದರು. ಮೆಕ್ಯಾನಿಕ್ ಹಲ್ಲು ಕಿರಿದು ಎರಡನ್ನೂ ಹೊಡೆದು ಹಾಕಿದ. ಇವರು ಹಿಡಿದದ್ದು ಸರಿಯಾಗಿಯೇ ಇತ್ತು. ಅಲ್ಲೇ ನಿಲ್ಲಿಸಿದ್ದರೆ ನಾನು ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಎರಡು ಸುಳ್ಳು ಸಿಕ್ಕಿದ ಮೇಲೆ ಉಳಿದದ್ದೂ ಸುಳ್ಳೇ ಎಂದು ಇವರ ತಲೆಗೆ ಹೊಕ್ಕಿತು.

ಮರುದಿನ ಇನ್ನೊಂದು ಕಡೆ ತೋರಿಸಿದರು. ಅದು ಗಾಜಿನ ಗೋಡೆಯ ದೊಡ್ಡ ಗ್ಯಾರೇಜು. ಗಿರಾಕಿಗಳಿಗೆ ಸೋಫಾ, ಕುಡಿಯಲು ಬಿಟ್ಟಿ ಕಾಫಿ. ಆ ಕಾಫಿಯ ಬೆಲೆ ಎಸ್ಟಿಮೇಟಿನಲ್ಲಿ ಗೊತ್ತಾಯಿತು. ಬರೀ ಜಾಯಿಂಟ್ ಸಾಲದು, ಅದು ಕೂತಿರುವ ತೋಳನ್ನೇ ಎರಡೂ ಕಡೆ ಬದಲಿಸಬೇಕು, ಶಾಕ್ ಅಬ್ಸಾರ್ಬರ್ ಹಾಕಬೇಕು, ಸ್ಟೀರಿಂಗಿನ ಪೆಟ್ಟಿಗೆಗೂ ಆಯಸ್ಸು ಮುಗಿದಿದೆ ಎಂದರು. ಮೂಲೆಯವನು ಹೇಳಿದ್ದರ ನಾಲ್ಕು ಪಟ್ಟು.

ಊಟಕ್ಕೆ ಕೂತಾಗ ಇವರು ತೀರ್ಪು ಕೊಟ್ಟರು. ಕೆಟ್ಟಿರುವುದು ನಿಜವಾದರೆ ಇಬ್ಬರೂ ಒಂದೇ ಮೊತ್ತ ಹೇಳಬೇಕಿತ್ತು. ಬೇರೆ ಬೇರೆ ಹೇಳಿದ್ದಾರೆಂದರೆ ಇಬ್ಬರಿಗೂ ಗೊತ್ತಿಲ್ಲ. ಗೊತ್ತಿಲ್ಲವೆಂದರೆ ಏನೂ ಕೆಟ್ಟಿಲ್ಲ. ಈ ತರ್ಕಕ್ಕೆ ಎದುರಾಗಿ ಎತ್ತಲು ನನ್ನ ಬಳಿ ಕತ್ತರಿ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ 'ಕಟಕ್' ಮಾತ್ರ ತರ್ಕ ಕೇಳಿ ನಿಲ್ಲಲಿಲ್ಲ. ಹಾಗಾಗಿ ಏನೂ ಕೆಡದ ಆ ಕಾರನ್ನು ಮಾರಿಬಿಡುವುದೆಂದು ನಿಶ್ಚಯವಾಯಿತು.

ಮಾರುವ ಮೊದಲು ಔಷಧಿ ಅಂಗಡಿಯಿಂದ ಒಂದು ಸಿರಿಂಜು ಬಂತು, ದಪ್ಪ ಸೂಜಿಯದು. ಮಧ್ಯಾಹ್ನ ಹಳೆಯ ಪೇಪರ್ ಹಾಸಿ ಅಂಗಾತ ಮಲಗಿ ಕಾರಿನ ಕೆಳಗೆ ತೂರಿಕೊಂಡರು. ಟಾರ್ಚ್ ಹಿಡಿಯುವ ನರ್ಸಿನ ಕೆಲಸ ನನ್ನದು. ಹರಿದ ರಬ್ಬರಿನೊಳಕ್ಕೆ ಸೂಜಿ ಚುಚ್ಚಿ ಸಿರಿಂಜಿನ ತುಂಬ ಗ್ರೀಸು ಒತ್ತಿದರು. ಎದ್ದು ಒಂದು ಸುತ್ತು ಹೊಡೆದು ಬಂದಾಗ ಸದ್ದು ಸತ್ತಿತ್ತು. ಡಾಕ್ಟರ್ ಸಾಹೇಬರ ಮುಖ ನೋಡಬೇಕಿತ್ತು.

ಕೊಳ್ಳುವವರಿಗೆ ವಿಷಯ ಹೇಳಿ, ಬೇಕಾದರೆ ಬೆಲೆ ಇಳಿಸಿ ಕೊಡಿ ಎಂದೆ.

"ತಗೊಳ್ಳೋನಿಗೆ ಕಣ್ಣಿಲ್ವಾ?" ಎಂದರು. "ಅವನು ನೋಡ್ಕೊಂಡು ತಗೊಳ್ಲಿ. ಅವನ ಕಾರು, ಅವನ ಖರ್ಚು."

ಕೊಳ್ಳುವವನ ಪರವಾಗಿ ಒಬ್ಬ ಬ್ರೋಕರ್ ಬಂದ. ಕಪ್ಪು ಕನ್ನಡಕ ತೆಗೆಯದೆಯೇ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನುಣ್ಣನೆಯ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ, ಕೇಳಿದ ಬೆಲೆಗೇ ಒಪ್ಪಿಕೊಂಡ. ಯಾರಿಗೆ ಎಂದು ಇವರೂ ಕೇಳಲಿಲ್ಲ, ಅವನೂ ಹೇಳಲಿಲ್ಲ, ಕಾಗದಪತ್ರವನ್ನೆಲ್ಲ ತಾನೇ ನೋಡಿಕೊಳ್ಳುತ್ತೇನೆ ಎಂದ. ಚೌಕಾಸಿ ಮಾಡದ ಗಿರಾಕಿ ಎಂದರೆ ಇವರಿಗೆ ಸಂಕಟ. ಇನ್ನೂ ಜಾಸ್ತಿ ಹೇಳಬಹುದಿತ್ತಲ್ಲ ಎಂದು ಕೊರಗಿ ಕೊರಗಿ, ಲಾಭ ಮಾಡಿಕೊಂಡೂ ನಷ್ಟವಾದವರ ಹಾಗೆ ಓಡಾಡಿದರು.

ಮುಂದಿನ ಭಾನುವಾರ ಬೀಗರ ಮನೆಯಿಂದ ಊಟಕ್ಕೆ ಕರೆ ಬಂತು. ಮಗಳು ಫಿಸಿಯೊಥೆರಪಿಸ್ಟ್. ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಾಳೆ. ದಿನವಿಡೀ ಬಸ್ಸಿನಲ್ಲಿ ಅಲೆದಾಟ. ಅಳಿಯ ಹಡಗಿನ ಕೆಲಸದವನು, ವರ್ಷದಲ್ಲಿ ಅರ್ಧ ಕಾಲ ನೀರಿನ ಮೇಲೆ. ಬೀಗರದು ಸಣ್ಣದೊಂದು ಪುಸ್ತಕದಂಗಡಿ. ಹೇಳಿದ್ದನ್ನೆಲ್ಲ ನಂಬುವ ಮನುಷ್ಯ. ಇವರು ಹೇಳಿದ್ದನ್ನೂ ನಂಬುತ್ತಿದ್ದರು ಎಂದರೆ ಲೆಕ್ಕ ಹಾಕಿಕೊಳ್ಳಿ.

ಬಸ್ಸಿಳಿದು ಅವರ ಬೀದಿಗೆ ತಿರುಗಿದೆವು. ಗೇಟಿನ ಮುಂದೆ ನಮ್ಮ ಕಾರು ನಿಂತಿತ್ತು. ತೊಳೆದು ಒರೆಸಿ, ಸೀಟುಗಳಿಗೆ ಹೊಸ ಕವರು ಹಾಕಿ, ಕನ್ನಡಿಗೆ ಕೆಂಪು ರಿಬ್ಬನ್ ಕಟ್ಟಿದ್ದರು. ಇವರು ನಡುಬೀದಿಯಲ್ಲೇ ನಿಂತುಬಿಟ್ಟರು.

"ಹೇಗಿದೆ ಬೀಗರೇ?" ಎಂದು ಬೀಗರು ಎರಡೂ ಕೈ ಚಾಚಿಕೊಂಡೇ ಬಂದರು. "ನೀವು ಮಾರ್ತೀರಂತೆ ಅಂತ ಸೊಸೆ ಬಾಯಲ್ಲಿ ಕೇಳಿದ್ದೇ ತಡ, ಅವಳಿಗೆ ಇದನ್ನೇ ಕೊಡಿಸ್ಬೇಕು ಅಂತ ಕೂತೆ. ಆದ್ರೆ ಬೀಗರ ಹತ್ರ ರೇಟು ಮಾತಾಡೋಕಾಗುತ್ತಾ? ನೀವು ದುಡ್ಡೇ ಬೇಡ ಅಂದ್ಬಿಟ್ರೆ ಏನ್ ಮಾಡ್ಲಿ? ಅದಕ್ಕೇ ಬ್ರೋಕರ್‌ನ ಕಳಿಸಿದ್ದು."

ಇವರು ದುಡ್ಡು ಬೇಡ ಎನ್ನುತ್ತಿದ್ದರಂತೆ. ಆ ಮನುಷ್ಯನ ಮುಗ್ಧತನಕ್ಕೆ ನನಗೆ ಅಳುವೇ ಬಂತು.

ಮಗಳು ನಾಲ್ಕು ದಿನದಿಂದ ಅದನ್ನು ಓಡಿಸುತ್ತಿದ್ದಳು. ಬಸ್ಸಿನ ಕಾಟ ತಪ್ಪಿತು ಎಂದು ಮುಖವೆಲ್ಲ ಅರಳಿತ್ತು. ನಿನ್ನೆಯಿಂದ ತಿರುಗಿಸುವಾಗ ಏನೋ 'ಕಟಕ್' ಎನ್ನುತ್ತದೆ, ಹೊಸ ಕವರಿನ ಕೊಕ್ಕೆ ಇರಬೇಕು ಎಂದು ಅಪ್ಪನಿಗೆ ಹೇಳಿದಳು. ಒಮ್ಮೆ ಮೆಕ್ಯಾನಿಕ್‌ಗೆ ತೋರಿಸಿಬಿಡೋಣ ಎಂದು ಬೀಗರು ಮೊದಲ ದಿನವೇ ಹೇಳಿದ್ದರಂತೆ.

"ನಾನೇ ಬೇಡ ಅಂದೆ," ಎಂದಳು. "ಹೋಟೆಲ್ ಬಿಲ್ಲಲ್ಲೇ ಏನೂ ಬಿಡದವರು ನಮ್ಮಪ್ಪ. ಅವರು ಇಟ್ಕೊಂಡಿದ್ದ ಗಾಡಿಯಲ್ಲಿ ನೋಡೋಕೆ ಏನಿರುತ್ತೆ ಮಾವ, ಅಂದೆ."

ಊಟ ಬಡಿಸಿದರು. ಊಟ ಮುಗಿಸಿದ ಕೂಡಲೇ ಅವಳು ಹೆದ್ದಾರಿಯಾಚೆಯ ಒಬ್ಬ ರೋಗಿಯ ಮನೆಗೆ ಹೊರಡುವವಳಿದ್ದಳು. ಲಾರಿಗಳು ಬೆನ್ನಿಗೆ ಬೆನ್ನು ತಾಗಿಸಿ ಓಡುವ ರಸ್ತೆ ಅದು. ಅದು ಗೊತ್ತಾದ ಮೇಲೆ ನಮ್ಮ ಯಜಮಾನರ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಆದರೆ ಮರ್ಯಾದೆ ಎನ್ನುವುದೊಂದಿದೆಯಲ್ಲ, ಅದಕ್ಕಿನ್ನೂ ಹೊಟ್ಟೆ ತುಂಬಿರಲಿಲ್ಲ. ಮೊದಲು, ಕಾರನ್ನು ಬಿಟ್ಟಿರಲಾಗುತ್ತಿಲ್ಲ, ಕೊಟ್ಟಷ್ಟೇ ದುಡ್ಡು ವಾಪಸು ಕೊಡುತ್ತೇನೆ, ಹಿಂದಿರುಗಿಸಿ ಎಂದರು. ಎಂಥ ಪ್ರೀತಿ ನೋಡಿ ಎಂದು ಬೀಗರ ಕಣ್ಣು ಒದ್ದೆಯಾಯಿತು. ಪ್ರೀತಿಯ ವಸ್ತು ಮಗಳ ಹತ್ತಿರವೇ ಇದೆಯಲ್ಲ ಎಂದು ಸಮಾಧಾನ ಹೇಳಿದರು. ಆಮೇಲೆ ಟೈರಿನಲ್ಲಿ ಗಾಳಿ ಕಡಿಮೆ ಕಾಣುತ್ತದೆ, ಇವತ್ತು ಬಸ್ಸಿನಲ್ಲಿ ಹೋಗಲಿ ಎಂದರು. ಬೆಳಿಗ್ಗೆಯಷ್ಟೇ ಹಾಕಿಸಿದ್ದೇನೆ ಎಂದಳು ಮಗಳು. ಬಿಸಿಲಿದೆ ಎಂದರು. ಕಾರಿನೊಳಗೆ ಬಿಸಿಲೆಲ್ಲಿ ಎಂದು ಬೀಗಿತ್ತಿ ನಕ್ಕರು.

ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ಇವರ ಬಾಯಿಂದಲೇ ಬರಲಿ ಎಂದು ಹಲ್ಲು ಕಚ್ಚಿ ಕೂತೆ. ಅವಳು ಕೀಲಿ ತಿರುಗಿಸುವವರೆಗೂ ಇವರು ಬಾಯಿ ಬಿಡದಿದ್ದರೆ ನಾನೇ ಕೂಗುವುದೆಂದು ಬಾಗಿಲ ಪಕ್ಕದ ಕುರ್ಚಿಗೆ ಬಂದೆ.

ಮಗಳು ಚೀಲ ಹೆಗಲಿಗೇರಿಸಿ ಹೊರಟಳು. ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ನಾನು ಎದ್ದು ನಿಂತೆ. ಅಷ್ಟರಲ್ಲಿ ಇವರು ಎಂಜಲು ಕೈಯಲ್ಲೇ, ಚಪ್ಪಲಿ ಕೂಡ ಮೆಟ್ಟದೆ, ನನ್ನನ್ನು ದಾಟಿ ಓಡಿದರು. ಹೋಗಿ ಕಾರಿಗೆ ಅಡ್ಡ ನಿಂತು ಬಾನೆಟ್ಟಿನ ಮೇಲೆ ಎರಡೂ ಕೈ ಊರಿದರು.

"ಇಳಿ ಮಗಳೇ."

"ಯಾಕಪ್ಪಾ?"

"ಬಾಲ್ ಜಾಯಿಂಟ್ ಹೋಗಿದೆ. ನಂಗೆ ಗೊತ್ತಿತ್ತು. ಸದ್ದು ಬರದೇ ಇರ್ಲಿ ಅಂತ ಗ್ರೀಸ್ ಚುಚ್ಚಿ ಮಾರಿದೆ."

ಬೀಗರು ಕೈ ತೊಳೆಯಲು ನೀರಿನ ಚೊಂಬು ಹಿಡಿದು ಇವರ ಹಿಂದೆಯೇ ಬಂದಿದ್ದರು. ಅದನ್ನು ಹಿಡಿದುಕೊಂಡೇ ನಿಂತರು. ಮಗಳು ಎಂಜಿನ್ ಆರಿಸಿ ಇಳಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಜಾಯಿಂಟ್ ಎಂದರೇನು ಎಂದೂ ಕೇಳಲಿಲ್ಲ.

"ಬೇರೆ ಯಾರಾದ್ರೂ ತಗೊಂಡಿದ್ರೆ?" ಎಂದಳು.

ಯಾರ ಬಿಲ್ಲಿನಲ್ಲಿ ಯಾವ ಸಾಲು ಸುಳ್ಳು ಎಂದು ಕ್ಷಣದಲ್ಲಿ ಹೇಳಬಲ್ಲ ಮನುಷ್ಯ ತಲೆ ತಗ್ಗಿಸಿ ಬಾನೆಟ್ಟು ನೋಡಿದರು. ಅದರ ಮೇಲೆ ಅನ್ನದ ಅಗುಳು ಅಂಟಿತ್ತು, ಅದನ್ನು ಅಂಗಿಯ ತುದಿಯಿಂದ ಒರೆಸುತ್ತ ನಿಂತರು. ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಆಮೇಲೆ ಇವರೇ ಫೋನ್ ಮಾಡಿ, ಕಳ್ಳ ಎಂದು ತಾವೇ ಹೆಸರಿಟ್ಟಿದ್ದ ಆ ಮೂಲೆ ಗ್ಯಾರೇಜಿನವನನ್ನು ಕರೆಸಿದರು. ಅವನು ಅಲ್ಲಿಯೇ ಜಾಕಿ ಕೊಟ್ಟು ಚಕ್ರ ಅಲ್ಲಾಡಿಸಿದ. ಮಗಳು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಎಲ್ಲಿ ಹಿಡಿಯಬೇಕು, ಹೇಗೆ ನೂಕಬೇಕು ಎಂದು ಕೇಳಿ ಕೇಳಿ ಕಲಿತಳು. ಕೀಲುಗಳ ಕೆಲಸದವಳು, ಬೇಗ ಕೈಗೆ ಒಗ್ಗಿತು. ಓಡಿಸಿಕೊಂಡು ಹೋಗುವ ಸ್ಥಿತಿಯಿಲ್ಲ ಎಂದು ಮೆಕ್ಯಾನಿಕ್ ಕಾರನ್ನು ಇನ್ನೊಂದು ಗಾಡಿಯ ಮೇಲೆ ಹೇರಿಕೊಂಡು ಹೋದ. ಗ್ಯಾರೇಜಿನಲ್ಲಿ ಬಿಚ್ಚಿದಾಗ ಎಡಗಡೆಯ ಗುಂಡು ಬಟ್ಟಲಿನಿಂದ ಬರಿಗೈಗೇ ಕಿತ್ತು ಬಂತಂತೆ.

ಎರಡೂ ಕಡೆ ಹೊಸ ಜಾಯಿಂಟ್ ಬಿತ್ತು, ಅಲೈನ್‌ಮೆಂಟ್ ಆಯಿತು. ಬಿಲ್ಲು ಬಂದಾಗ ನಾನು ಜೊತೆಯಲ್ಲೇ ಇದ್ದೆ. ಎಂಜಿನ್ ತೊಳೆಯುವ ದ್ರಾವಣ ಮತ್ತೆ ಬಂದು ಕೂತಿತ್ತು, ಅದರ ಕೆಳಗೆ ಎ.ಸಿ.ಯ ಸುಗಂಧವೂ. ಆ ಭೂಪ ಫೋನನ್ನು ಈ ಕಿವಿಯಿಂದ ಆ ಕಿವಿಗೆ ದಾಟಿಸುತ್ತ ನೆಟ್ಟಗೆ ಇವರ ಮುಖವನ್ನೇ ನೋಡುತ್ತಿದ್ದ. ಇವರು ಕನ್ನಡಕ ಒರೆಸದೆ ದುಡ್ಡು ಎಣಿಸಿಕೊಟ್ಟರು. ಕಾರಿನಲ್ಲಿ ಯಾವ ಸುಗಂಧವೂ ಇರಲಿಲ್ಲ, ಬರೀ ಗ್ರೀಸಿನ ವಾಸನೆ.

ಅಲ್ಲಿಂದ ಸೀದಾ ಬೀಗರ ಮನೆಗೆ ಹೋದೆವು. ಬೀಗರು ಎಂದಿನಂತೆಯೇ ಬಾಗಿಲಿಗೆ ಬಂದು ಮಾತಾಡಿಸಿದರು, ಆದರೆ ಕಾರಿನ ಸುದ್ದಿ ಎತ್ತಲಿಲ್ಲ. ಇವರು ಮಗಳ ಕೈಗೆ ಕೀಲಿ ಕೊಟ್ಟರು. ಎರಡೂ ಕಡೆ ಹೊಸದು ಹಾಕಿಸಿದ್ದೇನೆ, ಇನ್ನೇನೂ ಭಯವಿಲ್ಲ, ಧೈರ್ಯವಾಗಿ ಓಡಿಸು ಎಂದರು. ಬೆಣ್ಣೆಯ ಮಾತು ಈ ಸಲ ಬರಲಿಲ್ಲ.

ಅವಳು ಕೀಲಿಯನ್ನು ಜೇಬಿಗೆ ಹಾಕಿಕೊಂಡಳು.

"ಅಪ್ಪಾ, ಜಾಕಿ ಕೊಡಿ," ಎಂದಳು.

ಇವರು ಡಿಕ್ಕಿ ತೆಗೆದು ಜಾಕಿ ತಂದರು. ಅವಳಿಗೇಕೆ ಕಷ್ಟವೆಂದು ತಾವೇ ಮಂಡಿಯೂರಿ ತಿರುಗಿಸಿ ಎಡಗಡೆಯ ಚಕ್ರವನ್ನು ನೆಲದಿಂದ ಎತ್ತಿದರು. ಮಗಳು ಕೂತು, ನೆತ್ತಿಗೊಂದು ಕೈ, ಬುಡಕ್ಕೊಂದು ಕೈ ಹಿಡಿದು ಬಲವಾಗಿ ಅಲ್ಲಾಡಿಸಿದಳು. ಚಕ್ರ ಮಿಸುಕಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿ ಅಪ್ಪನ ಮುಖವನ್ನೇ ನೋಡಿದಳು. ಇವರು ಬೆವರಿದ್ದರು. ಅವಳು ಎದ್ದು, ಕೈ ಕೊಡವಿಕೊಂಡು, ಬಲಗಡೆಯ ಚಕ್ರದ ಹತ್ತಿರ ಹೋಗಿ ಕೂತಳು. ಇವರು ಜಾಕಿ ಇಳಿಸಿ, ಎತ್ತಿಕೊಂಡು ಅವಳ ಹಿಂದೆ ಹೋದರು.