ಮೂರು ಬೆರಳು

ನನ್ನ ಗಂಡ ಆರ್ವಿಲ್‌ಗೆ ಕೋವಿಯ ಹುಚ್ಚು. ಅಂಗಡಿಯಲ್ಲಿ ಸಿಗುವ ಕೋವಿಯಲ್ಲ, ಮುತ್ತಜ್ಜಂದಿರ ಕಾಲದ ಚಕಮಕಿ ಕೋವಿ. ಬಾಯಿಂದ ಮದ್ದು ಸುರಿದು, ಬಟ್ಟೆ ಸುತ್ತಿದ ಗುಂಡಿಟ್ಟು, ಗಜದಿಂದ ಬುಡದವರೆಗೂ ದೂಡಿ, ಕಲ್ಲಿನ ಕಿಡಿಯಿಂದ ಹಾರಿಸುವಂಥದ್ದು. ಗಜ ಎಂದರೆ ನಳಿಗೆಯ ಕೆಳಗೆ ಸಿಕ್ಕಿಸಿಡುವ ಉದ್ದನೆಯ ಹಿಕರಿ ಮರದ ಕೋಲು. ಕ್ಲಿಂಚ್ ನದಿಯ ಈ ಕಣಿವೆಯ ಗಂಡಸರಿಗೆ ಹೊಟ್ಟೆಗಿಲ್ಲದಿದ್ದರೂ ಗೋಡೆಗೊಂದು ಇಂಥ ಕೋವಿ ಬೇಕು. ಬೇಟೆಗೀಟೆ ಏನಿಲ್ಲ. ಮಾಡುವುದು, ಉಜ್ಜುವುದು, ಹೊಗಳಿಕೊಳ್ಳುವುದು, ಒಂದು ಕೊಟ್ಟು ಇನ್ನೊಂದು ತರುವುದು. ನಮ್ಮ ಮನೆಯಲ್ಲಿ ನನ್ನ ಕೋಟು ತೂಗುಹಾಕಲು ಒಂದು ಮೊಳೆ ಇಲ್ಲ, ಕೋವಿಗೆ ಮಾತ್ರ ಗೋಡೆ ತುಂಬ ಗೂಟ.

ಬೈಯುತ್ತೇನೆ ನಿಜ, ಆದರೆ ನಾನೂ ಕೋವಿ ಮಾಡುವವನ ಮಗಳೇ. ಅಪ್ಪನ ಮರದ ಹೊಟ್ಟಿನಲ್ಲಿ ಆಡಿ ಬೆಳೆದವಳು. ಅಪ್ಪ ನನಗೂ ತಮ್ಮ ಥರ್ಮನ್‌ಗೂ ಕಲಿಸಿದ ಮೊದಲ ಪಾಠ ಒಂದೇ. "ಕೋವಿ ಖಾಲಿ ಇದೆ ಅಂತ ಯಾವ ದೊಡ್ಡ ಮನುಷ್ಯ ಹೇಳಿದ್ರೂ ನಂಬಬೇಡಿ. ಗಜ ಹೇಳಿದ್ರೆ ನಂಬಿ."

ಗಜ ಹೇಳುವುದು ಹೀಗೆ. ಖಾಲಿ ಕೋವಿಯೊಳಗೆ ಗಜ ಇಳಿಸಿ, ಅದು ಬುಡ ಮುಟ್ಟಿದಾಗ ಬಾಯಿಯ ಅಂಚಿಗೆ ಸರಿಯಾಗಿ ಗಜದ ಮೇಲೊಂದು ಗೀರು ಹಾಕುತ್ತೇವೆ. ಆಮೇಲೆ ಯಾವಾಗ ಇಳಿಸಿದರೂ ಗೀರು ಬಾಯಿಯ ಅಂಚಿಗೆ ಬಂದು ನಿಂತರೆ ಕೋವಿ ಖಾಲಿ. ಗೀರು ಮೇಲೆಯೇ ಉಳಿದರೆ ಒಳಗೆ ಮದ್ದುಗುಂಡಿನ ಈಡು ಕೂತಿದೆ. ಆರ್ವಿಲ್‌ನ ಗಜಕ್ಕೆ ಆ ಗೀರು ಹಾಕಿದವಳು ನಾನೇ, ನನ್ನ ತರಕಾರಿ ಚಾಕುವಿನಿಂದ.

ಆ ಶನಿವಾರ ಹೊಳೆದಂಡೆಯ ಹುಲ್ಲುಗಾವಲಿನಲ್ಲಿ ನಿಶಾನೆ ಕೂಟ. ಒಂದು ಕಡೆ ಢಂ ಢಂ ಎಂದು ಗುಂಡು ಹಾರುತ್ತಿತ್ತು, ಇನ್ನೊಂದು ಕಡೆ ಕಂಬಳಿ ಹಾಸಿ ಅದಲುಬದಲು ನಡೆದಿತ್ತು. ಕಂಬಳಿಗೆ ಅದರದೇ ಕಟ್ಟಳೆ ಇದೆ. ಕೋವಿ ಕೊಡುವವನು ನಾಲ್ಕು ಜನರ ಮುಂದೆ ಗಜ ಹಾಕಿ ತೋರಿಸಬೇಕು, ಆಮೇಲೆ ಕೈ ಕುಲುಕಬೇಕು.

ಆರ್ವಿಲ್ ಕಂಬಳಿಯ ಮೇಲೆ ಇಟ್ಟಿದ್ದು ಅದೇ ವಾರ ಯಾರದೋ ಹಳೇ ಕೊಟ್ಟಿಗೆಯ ಅಟ್ಟದಿಂದ ತಂದ ಒಂದು ಮುದಿ ಕೋವಿ. ಹೊರಗೆಲ್ಲ ತುಕ್ಕು, ಕಿಡಿ ಒಳಹೋಗುವ ತೂತೂ ತುಕ್ಕು ಹಿಡಿದು ಮುಚ್ಚಿತ್ತು. ಆದರೆ ಮರದ ಕೆತ್ತನೆ ನೋಡಿದರೆ ಕಣ್ಣು ತಂಪಾಗಬೇಕು. ಥರ್ಮನ್ ಅದನ್ನು ನೋಡಿದ್ದೇ ತಡ, ಬಾಯಲ್ಲಿ ನೀರು.

"ಭಾವ, ಇದನ್ನ ನಂಗೆ ಕೊಡು. ಬದಲಿಗೆ ಅಪ್ಪನ ಮದ್ದಿನ ಕೊಂಬು ಕೊಡ್ತೀನಿ."

ಕೋವಿಮದ್ದು ತುಂಬಿಡಲು ಅಪ್ಪ ಕೈಯಾರೆ ಕೊರೆದ ಕೊಂಬು ಅದು. ಅದಕ್ಕಾಗಿ ನಾನು ಥರ್ಮನ್ ಜೊತೆ ಎಷ್ಟು ಜಗಳ ಆಡಿಲ್ಲ!

"ನಳಿಗೆ ಒಳಗೆಲ್ಲ ತುಕ್ಕು ಕಣೋ," ಆರ್ವಿಲ್ ಅವನ ಮಂದ ಕಿವಿಗೆ ಬಾಯಿಟ್ಟು ಕೂಗಿದ.

"ಇರ್ಲಿ ಬಿಡು. ಇವತ್ತೇ ಊಟ ಮುಗಿಸಿ ಬುಡಾನ ಕುಲುಮೇಲಿ ಕೆಂಪಗೆ ಕಾಯಿಸ್ತೀನಿ. ಬುಡದ ತಿರುಪು ಸಡಿಲ ಆದ್ರೆ ಬಿಚ್ಚಿ, ಒಳಗೆಲ್ಲ ಹೊಸದಾಗಿ ಕೊರೀತೀನಿ. ನೀನು ಗಜ ಹಾಕಿ ತೋರ್ಸು ಮೊದ್ಲು."

ಆರ್ವಿಲ್ ಗಜ ಎಳೆದು ನಳಿಗೆಗೆ ಇಳಿಸಿದ. ಸುತ್ತ ನಿಂತವರೆಲ್ಲ ಬಗ್ಗಿದರು. ಗೀರು ಸರಿಯಾಗಿ ಬಾಯಿಯ ಅಂಚಿಗೆ ಬಂದು ನಿಂತಿತು. "ಖಾಲಿ," ಎಂದ. "ಖಾಲಿ," ಎಂದರು ಎಲ್ಲರೂ. ನಾನೂ ಎಂದೆ. ನನ್ನ ಕಣ್ಣೆಲ್ಲ ಅಪ್ಪನ ಕೊಂಬಿನ ಮೇಲೇ ಇತ್ತು.

ಕೈ ಕುಲುಕಿ, ಥರ್ಮನ್‌ಗೆ ಕೋವಿ ಕೊಟ್ಟು, ಕೊಂಬು ಹಿಡಿದು ಮನೆಗೆ ಬಂದು ಬೀನ್ಸ್ ಸಾರು, ಜೋಳದ ಬ್ರೆಡ್ಡು ತಿಂದೆವು. ಆರ್ವಿಲ್ ಕಾಫಿ ಹಿಡಿದು ಜಗಲಿಗೆ ಹೋದ. ಬೆಳಿಗ್ಗೆ ನಿಶಾನೆಗೆ ಹಾರಿಸಿದ ಅವನ ಕೋವಿಯನ್ನು ಒರೆಸೋಣ ಎಂದು ನಾನು ಕೆಳಗಿಳಿಸಿದೆ. ಒರೆಸುವುದು ಯಾವಾಗಲೂ ನನ್ನ ಕರ್ಮ. ಗಜ ಹೊರಗೆಳೆದೆ. ಬೆಳ್ಳನೆಯ ಹೊಸ ಹಿಕರಿ. ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. ಗೀರು ಇಲ್ಲ.

"ಆರ್ವಿಲ್, ನಿನ್ನ ಗಜ ಎಲ್ಲಿ?"

"ಕೈಯಲ್ಲೇ ಇದೆಯಲ್ಲೇ ವೆಸ್ಟಾ, ಕುರುಡೀನಾ?"

"ಇದಲ್ಲ. ನಾನು ಗೀರು ಹಾಕಿದ್ದು."

"ಓ, ಅದಾ? ಮುದಿ ಕೋವಿಯ ಗಜ ಹುಳ ತಿಂದು ಪುಡಿಯಾಗಿತ್ತು. ಗಜ ಇಲ್ದೆ ಕಂಬಳಿ ಮೇಲಿಟ್ರೆ ಜನ ನಗ್ತಾರೆ. ನನ್ನದನ್ನೇ ಸಿಕ್ಕಿಸಿದೆ. ಇದು ನಿನ್ನೆ ಹೆರೆದಿದ್ದು."

ಅವನು ಕಾಫಿ ಹೀರಿದ ಸದ್ದು ನನಗೆ ಕೇಳಿಸಿತು. ಅವನಿಗೆ ಇನ್ನೂ ಹೊಳೆದಿರಲಿಲ್ಲ.

ಎರಡು ದಿನದ ಹಿಂದೆ ಇದೇ ಊಟದ ಮೇಜಿನ ಮೇಲೆ ಅವನು ಎರಡೂ ನಳಿಗೆಗಳನ್ನು ಮರದಿಂದ ಬಿಚ್ಚಿ ಎಣ್ಣೆ ಸವರಲು ಪಕ್ಕಪಕ್ಕ ಮಲಗಿಸಿದ್ದ, ಬುಡಕ್ಕೆ ಬುಡ ಸೇರಿಸಿ. ಮುದಿ ಕೋವಿಯ ಬಾಯಿ ಮುಂದೆ ಚಾಚಿತ್ತು. "ನೋಡೇ, ನಂದಕ್ಕಿಂತ ಮೂರು ಬೆರಳು ಉದ್ದ," ಎಂದು ಹೆಮ್ಮೆಯಿಂದ ಬೆರಳಿಟ್ಟು ತೋರಿಸಿದ್ದ. ನಾನು ಮೇಜು ಗಲೀಜಾಯಿತೆಂದು ಕೂಗಾಡಿದ್ದೆ.

ಆ ಗೀರು ಗಿಡ್ಡ ಕೋವಿಯದು. ಅದೇ ಗಜ ಮೂರು ಬೆರಳು ಉದ್ದದ ಖಾಲಿ ಕೋವಿಯೊಳಗೆ ಹೋದರೆ ಗೀರು ಬಾಯೊಳಗೆ ಮೂರು ಬೆರಳು ಮುಳುಗಬೇಕಿತ್ತು. ಮುಳುಗಲಿಲ್ಲ, ಅಂಚಿನಲ್ಲೇ ನಿಂತಿತು. ಅಂದರೆ ಬುಡದಲ್ಲಿ ಮೂರು ಬೆರಳಷ್ಟು ಏನೋ ಕೂತಿದೆ. ಮದ್ದು, ಬಟ್ಟೆ, ಗುಂಡು ಸೇರಿದರೆ ಸರಿಯಾಗಿ ಮೂರು ಬೆರಳು.

ಊಟ ಮುಗಿಸಿ ಥರ್ಮನ್ ಆ ಬುಡವನ್ನೇ ಕುಲುಮೆಗೆ ಇಡುತ್ತೇನೆ ಎಂದಿದ್ದ. ಗೋಡೆಯ ಫೋನಿಗೆ ಓಡಿದೆ. ಥರ್ಮನ್ ಮನೆಯಲ್ಲಿ ಗಂಟೆ ಬಡಿದುಕೊಂಡಿತು, ಬಡಿದುಕೊಂಡೇ ಇತ್ತು. ಅವನ ಹೆಂಡತಿ ಓಮಾ ಫೋನು ಕೂಗುವುದನ್ನೇ ಕಾಯುವ ಹೆಂಗಸು. ಬಾಯಲ್ಲಿ ತುತ್ತಿದ್ದರೂ ಓಡಿಬಂದು ಎತ್ತುತ್ತಾಳೆ. ಅವಳೂ ಎತ್ತಲಿಲ್ಲ. ಫೋನು ಬಿಟ್ಟು ಜಗಲಿಗೆ ಓಡಿದೆ.

"ಆರ್ವಿಲ್! ಆ ಕೋವಿ ತುಂಬಿದೆ ಕಣೋ!"

"ಹುಚ್ಚು ಹಿಡೀತಾ? ನಾನೇ ಗಜ ಹಾಕಿದೀನಿ. ಊರೆಲ್ಲ ನೋಡಿದೆ."

"ಊರು ನೋಡಿದ್ದು ನಿನ್ನ ಕೋವಿಯ ಗೀರು! ಅದು ಮೂರು ಬೆರಳು ಉದ್ದ ಅಂತ ನೀನೇ ಕುಣಿದಿರಲಿಲ್ವಾ?"

ಅವನು ತನ್ನ ಮೂರು ಬೆರಳನ್ನು ಎತ್ತಿ ನೋಡಿಕೊಂಡ. ಮುಖದ ರಕ್ತ ಇಳಿಯುವುದು ಎಂದರೇನು ಎಂದು ನಾನು ಅವತ್ತು ಕಣ್ಣಾರೆ ಕಂಡೆ. ಕಾಫಿ ಲೋಟ ಕೈಜಾರಿ ಮೆಟ್ಟಿಲ ಮೇಲೆ ಉರುಳಿತು.

ಪಿಕಪ್ ಹತ್ತಿದೆವು. ಥರ್ಮನ್ ಮನೆ ಹತ್ತಿರವೇನೋ ಹೌದು, ಆದರೆ ದಾರಿ ಹಾವಿನ ಹಾಗೆ ಬೆಟ್ಟ ಸುತ್ತುತ್ತದೆ. ಮುಂದೊಂದು ಮರದ ದಿಮ್ಮಿ ಲಾರಿ, ದಾರಿ ಬಿಡಲೊಲ್ಲದು. ಆರ್ವಿಲ್ ಹಾರ್ನ್ ಒತ್ತಿದ. ಲಾರಿಯವನು ಕಿಟಕಿಯಿಂದ ಕೈ ಹೊರಹಾಕಿ, ಏನವಸರ ಎಂಬಂತೆ ಬೀಸಿದ.

"ನಿನ್ನ ಮನೆ ಹಾಳಾಗ, ಸರಿಯೋ!" ನಾನು ಕಿಟಕಿಯಿಂದ ಅರಚಿದೆ.

"ಅಷ್ಟು ಹಳೇ ಮದ್ದು. ತೇವ ಆಗಿರುತ್ತೆ ಬಿಡು," ಆರ್ವಿಲ್ ಎಂದ. ಅವನ ದನಿ ಅವನದ್ದಾಗಿರಲಿಲ್ಲ.

"ತೂತು ತುಕ್ಕು ಹಿಡಿದು ಮುಚ್ಚಿತ್ತಲ್ಲ. ತೇವ ಎಲ್ಲಿಂದ ಹೋಗುತ್ತೆ?"

ಅವನು ಮತ್ತೆ ಹಾರ್ನ್ ಒತ್ತಿದ. ನಾನು ಅಪ್ಪನ ಕೊಂಬನ್ನು ನೆನೆದು, ಅದನ್ನು ಬಯಸಿದ ನನ್ನ ನಾಲಿಗೆಗೆ ಹುಳ ಬೀಳಲಿ ಎಂದುಕೊಂಡೆ. ದೇವರೇ, ನನಗಿರುವವನು ಒಬ್ಬನೇ ತಮ್ಮ. ಕೊಂಬು ಬೇಡ, ಏನೂ ಬೇಡ, ಅವನು ಊಟ ಮಾಡಿ ಮಲಗಿಬಿಟ್ಟಿರಲಿ. ಇದನ್ನೇ ಮತ್ತೆ ಮತ್ತೆ ಹೇಳಿಕೊಂಡೆ. ತಿರುವು ದಾಟಿದಾಗ ಅವನ ಕೊಟ್ಟಿಗೆಯ ಹಿಂದಿನಿಂದ ಹೊಗೆ ಏಳುವುದು ಕಂಡಿತು. ಮಲಗಿರಲಿಲ್ಲ.

ಪಿಕಪ್ ನಿಲ್ಲುವ ಮುಂಚೆಯೇ ಹಾರಿದೆ. ಮಂಡಿ ತರಚಿತು, ಎದ್ದು ಓಡಿದೆ. ಕುಲುಮೆಯ ಮಾಡು ಕೊಟ್ಟಿಗೆಗೆ ತಾಗಿಕೊಂಡೇ ಇದೆ. ಒಳಗೆ ಥರ್ಮನ್ ನಮಗೆ ಬೆನ್ನು ಮಾಡಿ ತಿದಿ ಒತ್ತುತ್ತಿದ್ದ. ಕಲ್ಲಿದ್ದಲ ಗಣಿಯ ಸ್ಫೋಟಗಳಿಗೆ ಅವನ ಕಿವಿ ಮಂದವಾಗಿ ಎಷ್ಟೋ ಕಾಲವಾಗಿದೆ, ಬೆನ್ನ ಹಿಂದಿನಿಂದ ಕೂಗಿದರೆ ಕೇಳುವವನಲ್ಲ. ಕೋವಿಯ ಬುಡ ಕೆಂಡದೊಳಗೆ ಹೂತಿತ್ತು. ನಡುವೆ ಒಂದು ಕವೆಗೋಲಿನ ಆಸರೆ. ನಳಿಗೆ ಹೊರಳದಂತೆ ಬಾಯಿಯ ತುದಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಮೊಳೆಯ ಪೀಪಾಯಿಯ ಮೇಲೆ ಕೂತು, ಎರಡೂ ಕೈಯಲ್ಲಿ ಎದೆಗವಚಿ ಹಿಡಿದಿದ್ದವಳು ಓಮಾ.

ನಾನು ದಾರಿಯುದ್ದಕ್ಕೂ ತಮ್ಮನ ಜೀವಕ್ಕೆ ಹೆದರಿದ್ದೆ. ಇವಳು ನನ್ನ ಲೆಕ್ಕದಲ್ಲೇ ಇರಲಿಲ್ಲ.

"ಬಾ ವೆಸ್ಟಕ್ಕ!" ಓಮಾ ನಕ್ಕಳು. "ಫೋನು ಮಾಡಿದ್ದು ನೀನೇನಾ? ಬಡ್ಕೊಳ್ತಾನೇ ಇತ್ತು. ಇವ್ರು ಕೈ ಬಿಡ್ಬೇಡ ಅಂದ್ರು, ಏಳೋಕಾಗ್ಲಿಲ್ಲ. ಸೇಬಿನ ಕೇಕು ಒಳಗಿದೆ ನೋಡು..."

ಬಿಡು ಎನ್ನಬೇಕು, ಏಳು ಎನ್ನಬೇಕು. ದಿನವಿಡೀ ಊರಿಗೆಲ್ಲ ಕೇಳುವಂತೆ ಬೈಯುವ ನನಗೆ ಆ ಕ್ಷಣ ಒಂದಕ್ಷರ ಹೊರಡಲಿಲ್ಲ. ಕೆಂಡದಲ್ಲಿ ಕಬ್ಬಿಣ ನಸುಗೆಂಪಗಾಗುತ್ತಿರುವುದು ಕಣ್ಣಿಗೆ ಬಿತ್ತು. ಪಕ್ಕದಿಂದ ನುಗ್ಗಿ ಅವಳ ತುರುಬಿಗೇ ಕೈ ಹಾಕಿ, ಇದ್ದ ಬಲವನ್ನೆಲ್ಲ ಹಾಕಿ ಎಳೆದೆ.

"ಅಯ್ಯೋ ಅಕ್ಕ!" ಎಂದು ಅವಳು ನನ್ನ ಮೇಲೇ ಬಿದ್ದಳು. ನಾವಿಬ್ಬರೂ ನೆಲ ಮುಟ್ಟುವುದಕ್ಕೂ ಕೋವಿ ಸಿಡಿಯುವುದಕ್ಕೂ ಸರಿಹೋಯಿತು.

ಮಾಡಿನ ತುಂಬ ಕೆಂಡ ಹಾರಿತು. ಹೊಗೆ. ಕಿವಿಯೊಳಗೆ ಕುಂಯ್ ಎನ್ನುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಓಮಾಳ ಮೈಯೆಲ್ಲ ತಡವಿದೆ. ಹೊಟ್ಟೆ, ಎದೆ, ಕುತ್ತಿಗೆ. ಎಲ್ಲೂ ರಕ್ತವಿರಲಿಲ್ಲ. ನನ್ನ ಮುಷ್ಟಿಯಲ್ಲಿ ಅವಳ ಒಂದು ಹಿಡಿ ಕೂದಲಿತ್ತು. ಆಗ ಅಳು ಬಂತು ನೋಡಿ, ಸಾವಿನ ಮನೆಯಲ್ಲೂ ನಾನು ಹಾಗೆ ಅತ್ತವಳಲ್ಲ.

ಹೊಗೆ ಇಳಿದ ಮೇಲೆ ಥರ್ಮನ್ ಕಂಡ. ಮುಂಗೈ ಮೇಲೆ ಕೆಂಡ ಬಿದ್ದು ಸುಟ್ಟಿತ್ತು, ಅವನಿಗೆ ಅದರ ಪರಿವೆಯೇ ಇಲ್ಲ. ಪೀಪಾಯಿಯ ಹಿಂದಿನ ಹಲಗೆಯನ್ನೇ ದಿಟ್ಟಿಸುತ್ತಿದ್ದ. ಕೂತ ಹೆಂಗಸಿನ ಎದೆಯ ಮಟ್ಟಕ್ಕೆ ಒಂದು ದುಂಡನೆಯ ತೂತು, ಅದರೊಳಗಿಂದ ಬಯಲಿನ ಬಿಸಿಲು ಬರುತ್ತಿತ್ತು.

"ಖಾಲಿ ಇತ್ತಲ್ಲ ಭಾವ," ಎಂದ ಥರ್ಮನ್, ಮಗುವಿನ ಹಾಗೆ. "ಗೀರು ಸರಿಯಾಗಿ ಬಂದಿತ್ತಲ್ಲ. ನಾನೂ ನೋಡ್ದೆನಲ್ಲ."

ಆರ್ವಿಲ್ ಬಾಗಿಲಲ್ಲೇ ನಿಂತಿದ್ದ. "ಗಜ ನಂದು," ಎಂದ. "ಆ ಗಜ ನನ್ನ ಕೋವಿದು ಕಣೋ. ಮರೆತೇಬಿಟ್ಟೆ." ಕಿವುಡನಿಗೆ ಕೇಳಲೆಂದು ಅದನ್ನೇ ಮತ್ತೆ ಕೂಗಿ ಹೇಳಬೇಕಾಯಿತು.

ಓಮಾ ಎದ್ದು ಏಪ್ರನ್ ಕೊಡವಿಕೊಂಡಳು. ಹಲಗೆಯ ತೂತು ನೋಡಿದಳು, ಪೀಪಾಯಿ ನೋಡಿದಳು, ಆಮೇಲೆ ಆರ್ವಿಲ್‌ನ ಕಡೆ ತಿರುಗಿದಳು. ಕೋಪವಿದ್ದಿದ್ದರೆ ಚೆನ್ನಾಗಿತ್ತು, ಬೈದಿದ್ದರೆ ಇನ್ನೂ ಚೆನ್ನಾಗಿತ್ತು.

"ನಂಗೆ ಮೊದ್ಲಿಂದ್ಲೂ ಕೋವಿ ಅಂದ್ರೆ ಪ್ರಾಣಭಯ ಆರ್ವಿಲಣ್ಣ," ಎಂದಳು. "ಹಿಡ್ಕೊಳಲ್ಲ ಅಂದಿದ್ದೆ. ಯಾರು ನೋಡಿದ್ದು ಅಂತ ಕೇಳ್ದೆ. ಆರ್ವಿಲ್ ಭಾವನೇ ಗಜ ಹಾಕಿ ನೋಡಿದಾರೆ ಅಂದ್ರು ಇವ್ರು. ಹಾಗಾದ್ರೆ ಸರಿ ಅಂತ ಕೂತೆ. ಬೇರೆ ಯಾರ ಹೆಸರು ಹೇಳಿದ್ರೂ ಕೂರ್ತಿರ್ಲಿಲ್ಲ."

ಆರ್ವಿಲ್ ಕೆಂಡ ತುಳಿದುಕೊಂಡೇ ಬಂದು ಓಮಾ ಕೂತಿದ್ದ ಪೀಪಾಯಿಯ ಮೇಲೆ ಕೂತ. ಹಲಗೆಯ ತೂತು ಅವನ ಬೆನ್ನಿನ ಹಿಂದೆ ಮರೆಯಾಯಿತು, ಬಿಸಿಲೂ ನಿಂತಿತು. ಅವನು ಎಷ್ಟು ಹೊತ್ತಾದರೂ ಏಳಲಿಲ್ಲ. ನಾನೂ ಏಳು ಎನ್ನಲಿಲ್ಲ.