ಕೊನೆ ಸಾಲಿನ ಸರದಿ

ಕಲ್ಯಾಣಮ್ಮನ ಸಂಶೋಧನೆಗೆ ವರ್ಷದ ಅತ್ಯುತ್ತಮ ಪಿಎಚ್‌.ಡಿ. ಪ್ರಬಂಧವೆಂಬ ಪ್ರಶಸ್ತಿ ಬಂತೆಂಬ ಸುದ್ದಿ ಶಹಾಪುರದಲ್ಲಿ ಹಬ್ಬಿದಾಗ, ಹೊಟ್ಟೆಕಿಚ್ಚಿನವರೂ ಹಲ್ಲು ಕಚ್ಚಿ ಶಹಬ್ಬಾಸ್ ಅನ್ನಬೇಕಾಯಿತು. ಶಾಲಾ ಮನೋವಿಜ್ಞಾನವೆಂದರೆ ಹುಚ್ಚು ಮಕ್ಕಳ ವಿದ್ಯೆ ಎಂದು ತಿಳಿದಿದ್ದ ಊರು ಅದು. ಕಿರಾಣಿ ಅಂಗಡಿಯ ಚನ್ನಯ್ಯನಂತೂ ಬಂದ ಗಿರಾಕಿಗೆಲ್ಲ ಸಕ್ಕರೆ ಕಟ್ಟಿಕೊಡುತ್ತ, ತನ್ನ ಮಗಳು ಇನ್ನು ಮೇಲೆ ಡಾಕ್ಟರ್, ಆದರೆ ಇಂಜೆಕ್ಷನ್ ಮಾಡುವ ಡಾಕ್ಟರ್ ಅಲ್ಲ ಎಂದು ವಿವರಿಸಿ ಹೇಳುತ್ತಿದ್ದ.

ಕಲ್ಯಾಣಮ್ಮ ಟೀಚರ್ ಆಗಿದ್ದದ್ದು ವಡಗೇರಾ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಕೆನಾಲಿನ ಕಟ್ಟಕಡೆಯ ಊರು. ಮೇಲಿನ ಊರವರು ಗದ್ದೆ ಮಾಡಿ ಎರಡೆರಡು ಸಲ ಭತ್ತ ಬೆಳೆದರೆ, ಇಲ್ಲಿಗೆ ನೀರಿನ ಬದಲು ನೀರಿನ ಸುದ್ದಿ ಮಾತ್ರ ಬರುತ್ತಿತ್ತು. ಅದಕ್ಕೇ ವಾರಬಂದಿ ಮಾಡಿದ್ದರು. ಯಾರ ಹೊಲಕ್ಕೆ ಯಾವ ದಿನ ನೀರು ಎಂಬ ಸರದಿ ಅದು. ಕೊನೆಯ ಹೊಲದಿಂದ ಶುರುವಾಗಿ ಮೇಲಕ್ಕೆ ಹೋದರೆ ಮಾತ್ರ ಎಲ್ಲರಿಗೂ ಸಿಗುತ್ತದೆ ಎಂಬುದು ಅಲ್ಲಿಯ ಕೂಸಿಗೂ ಗೊತ್ತು. ಹಾಗೆ ನಡೆಯುವುದು ಅಪರೂಪ ಎಂಬುದೂ ಗೊತ್ತು.

ಆ ಶಾಲೆಯಲ್ಲಿ ಕೆಲವು ಮಕ್ಕಳು ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವವರು ಶಾಲೆಯ ಹೊಸ್ತಿಲು ದಾಟಿದರೆ ಮೂಕರು. ಮಾಸ್ತರರು ಅವರನ್ನು ದಡ್ಡರೆಂದು ಕರೆದು ಹಿಂದೆ ಕೂರಿಸಿ ಕೈ ತೊಳೆದುಕೊಂಡಿದ್ದರು. ಕಲ್ಯಾಣಮ್ಮ ವಾರಬಂದಿಯನ್ನು ತರಗತಿಗೆ ತಂದಳು. ಪ್ರಶ್ನೆ ಯಾವುದೇ ಇರಲಿ, ಮೊದಲ ಸರದಿ ಕೊನೆ ಸಾಲಿಗೆ. ಅವರು ಹೇಳುವ ತನಕ, ಇಲ್ಲವೇ ತಾವಾಗಿ ಕೂರುವ ತನಕ, ಮುಂದಿನವರು ಕಾಯಬೇಕು. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಮುಂದಿನ ಸಾಲಿನ ಗೌಡರ ಹುಡುಗ ಮಾತ್ರ ಒಂದು ತಿಂಗಳು ಮುಖ ಊದಿಸಿಕೊಂಡು ಕೂತ.

ತುಂಡು ಹೊಲವಿದ್ದೂ ಕೂಲಿಗೆ ಹೋಗುವ ಲಾಲಮ್ಮನ ಮಗಳು ತಿಮ್ಮವ್ವ ಎರಡು ವರ್ಷ ಶಾಲೆಯಲ್ಲಿ ತುಟಿ ಬಿಚ್ಚಿರಲಿಲ್ಲ. ದಿನಾಲೂ ಮೊದಲ ಸರದಿ ಬರುತ್ತಿತ್ತು, ಅವಳು ಎದ್ದು ನಿಲ್ಲುತ್ತಿದ್ದಳು, ತರಗತಿ ಕಾಯುತ್ತಿತ್ತು. ಒಂದು ಬೆಳಿಗ್ಗೆ, ಯಾರೂ ಏನೂ ಕೇಳದೆ, ತಾನೇ ಎದ್ದು ನಿಂತು ಹೇಳಿದಳು:

“ನಮ್ಮ ಹೊಲಕ್ಕ ನೀರು ಬಂದಾವ್ರಿ.”

ಕಲ್ಯಾಣಮ್ಮ ಅಂದು ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತಳು. ಈ ಸರದಿಯ ಬಗ್ಗೆಯೇ ಅವಳು ಬರೆದ ಪ್ರಬಂಧದ ಹೃದಯ ಆ ಹುಡುಗಿ ಎಂದು ಆಮೇಲೆ ಓದಿದವರೆಲ್ಲ ಹೇಳಿದರು.

ಯಾದಗಿರಿಯಲ್ಲಿ ಸನ್ಮಾನ ಎಂದಾದಾಗ ತಿಮ್ಮವ್ವನಿಂದ ನಾಲ್ಕು ಮಾತಾಡಿಸೋಣ ಎಂದವಳೂ ಕಲ್ಯಾಣಮ್ಮನೇ. ಸಭೆಯಲ್ಲಿ ಮೊದಲ ಸರದಿ ನಿನ್ನದೇ ಎಂದು ಹುಡುಗಿಯ ತಲೆ ಸವರಿ ಮಾತು ಕೊಟ್ಟಳು. ಹುಡುಗಿ ಹಿಗ್ಗಿದಳು. ಲಾಲಮ್ಮ ಹಿಗ್ಗಲಿಲ್ಲ. ಹೆತ್ತವಳಿಗೆ ಮಗಳ ಅಳತೆ ಗೊತ್ತಿತ್ತು.

“ಕರ್ಕೊಂಡು ಹೋಗ್ರಿ ಟೀಚರ್, ಬ್ಯಾಡ ಅನ್ನಂಗಿಲ್ಲ. ಖರೇ, ಎಲ್ಲಾರ ಮುಂದ ಕರದು ನಡುವ ಕೈ ಬಿಡಬ್ಯಾಡ್ರಿ. ಈ ಸಲ ಬಾಯಿ ಮುಚ್ಚಿದ್ರ ಆಕಿ ಮತ್ತ ತೆರ್ಯಂಗಿಲ್ಲ.”

ಹಾಗಾಗುವುದಿಲ್ಲ ಎಂದು ಕಲ್ಯಾಣಮ್ಮ ನಕ್ಕಳು.

ಸಭೆಯ ದಿನ ಲಾಲಮ್ಮ ಕೂಲಿ ಬಿಟ್ಟು ಮಗಳ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದು ಕರೆತಂದಳು. ಇಬ್ಬರೂ ಮುಂದಿನ ಕುರ್ಚಿಗಳಲ್ಲಿ ಕೂತರು. ಬ್ಯಾಡ್ಜು ಹಾಕಿಕೊಂಡವನೊಬ್ಬ ಬಂದು, ಇವು ಗಣ್ಯರ ಕುರ್ಚಿಗಳೆಂದು ಎಬ್ಬಿಸಿ, ಕೊನೆಯ ಸಾಲಿಗೆ ಕಳಿಸಿದ. ವೇದಿಕೆಯ ಮೇಲಿದ್ದ ಕಲ್ಯಾಣಮ್ಮ ನೋಡಿದಳು. ಕೊನೆಯ ಸಾಲಿನಿಂದಲೇ ತಾನೆ ಶುರು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು.

ಮುಖ್ಯ ಅತಿಥಿ ತಡವಾಗಿ ಬಂದರು. ಆಮೇಲೆ ಶುರುವಾಯಿತು ಶಾಲಿನ ಮಳೆ. ವೇದಿಕೆಯ ಮೇಲಿದ್ದ ಒಬ್ಬೊಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಒಬ್ಬೊಬ್ಬರಿಗೂ ಮೈಕು. ಮಾರ್ಗದರ್ಶಕರಾಗಿದ್ದ ಪ್ರೊಫೆಸರ್ ಅಯ್ಯಣ್ಣ, ಕೊನೆಯವರಿಗೆ ಮೊದಲ ಸರದಿ ಎಂಬ ತತ್ವದ ಮೇಲೆ ಎಷ್ಟು ಹೊತ್ತು ಮಾತಾಡಿದರೆಂದರೆ, ಕೊನೆಯವರು ಯಾರು ಎಂಬುದು ಅವರಿಗೇ ಮರೆತುಹೋಯಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಹಿರಿಯರು ಸುಮ್ಮನೆ ಅಂದಿಲ್ಲ. ಪಕ್ಕಕ್ಕೆ ಬಂದು ಕೂತ ಪ್ರೊಫೆಸರರ ಕಿವಿಯ ಹತ್ತಿರ ಕಲ್ಯಾಣಮ್ಮ ಎರಡು ಸಲ ಬಾಗಿ ಹುಡುಗಿಯ ಹೆಸರು ಹೇಳಿದಳು. ಗಣ್ಯರದು ಮುಗಿಯಲಿ ಎಂದರು. ಮೂರನೆಯ ಸಲ ಅವಳು ಬಾಗಲಿಲ್ಲ. ಕೊರಳಿಗೆ ಪದಕ ಬಿದ್ದಿತ್ತು.

ದೂರದಲ್ಲಿ ತಿಮ್ಮವ್ವನ ತುಟಿಗಳು ಅಲುಗುತ್ತಿದ್ದವು. ನಾಲ್ಕೂ ಮಾತನ್ನು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು.

ಮುಖ್ಯ ಅತಿಥಿ ಗಡಿಯಾರ ನೋಡಿ ಎದ್ದರು. ಸುರಪುರದಲ್ಲಿ ಅವರಿಗೆ ಇನ್ನೊಂದು ಸಭೆಯಿತ್ತು. ಕಾರ್ಯಕ್ರಮ ನಡೆಸುವವನು ಓಡಿ ಬಂದು ಕಲ್ಯಾಣಮ್ಮನಿಗೆ ಮೆಲ್ಲಗೆ ಹೇಳಿದ:

“ಸಾಹೇಬ್ರು ಹೊಂಟಾರ್ರಿ ಮೇಡಂ. ಎರಡೇ ನಿಮಿಷ ಐತಿ. ನೀವರ ಮಾತಾಡ್ರಿ, ಇಲ್ಲಾ ಆ ಹುಡುಗಿನರ ಕರೀರಿ.”

ಮುಂದಿನ ಸಾಲಿನಲ್ಲಿ ಅಪ್ಪ ಚನ್ನಯ್ಯ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ. ಕ್ಯಾಮೆರಾದವರು ಅವಳ ಕಡೆಯೇ ತಿರುಗಿದ್ದರು. ಆರು ವರ್ಷದ ದುಡಿಮೆ. ಮೈಕಿಗೆ ನಾಲ್ಕು ಹೆಜ್ಜೆ. ಆಸೆ ಎಂಬುದು ಮೇಲಿನ ಹೊಲದವನಿಗೆ ಮಾತ್ರ ಇರುತ್ತದೆ ಎಂದು ಯಾರು ಹೇಳಿದರು? ಕಲ್ಯಾಣಮ್ಮ ಎದ್ದಳು.

ಅವಳು ಎದ್ದದ್ದು ತನ್ನನ್ನು ಕರೆಯುವುದಕ್ಕೆ ಎಂದುಕೊಂಡು ತಿಮ್ಮವ್ವನೂ ಎದ್ದಳು. ಕುರ್ಚಿಗಳ ನಡುವಿನ ದಾರಿಯಲ್ಲಿ ಅರ್ಧದ ತನಕ ನಡೆದು ಬಂದಳು. ಅಷ್ಟರಲ್ಲಿ ಮೈಕಿನಲ್ಲಿ ಕಲ್ಯಾಣಮ್ಮನ ದನಿ ಕೇಳಿತು. ಮೂಕಿಯಂತಿದ್ದ ಒಬ್ಬ ಬಡ ಹುಡುಗಿ ಕೊನೆಯ ಸಾಲಿನಿಂದ ಎದ್ದು ಮಾತಾಡಿದ ಕಥೆಯನ್ನು ಅವಳು ಹೇಳುತ್ತಿದ್ದಳು. ಚೆನ್ನಾಗಿಯೇ ಹೇಳಿದಳು. ಬ್ಯಾಡ್ಜಿನವನು ಆ ಹುಡುಗಿಯ ಹೆಗಲು ಹಿಡಿದು, ದಾರಿಗೆ ಅಡ್ಡ ನಿಲ್ಲಬಾರದೆಂದು ವಾಪಸು ಕೂರಿಸಿದ. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಸಭೆ ಮುಗಿದ ಮೇಲೆ ಕಲ್ಯಾಣಮ್ಮ ಹಣ್ಣಿನ ಬುಟ್ಟಿಯನ್ನೇ ಹುಡುಗಿಯ ಕೈಗಿಟ್ಟು, ಮುಂದಿನ ಸಲ ನೀನೇ ಮೊದಲು ಎಂದಳು. ತಿಮ್ಮವ್ವ ಬುಟ್ಟಿ ಹಿಡಿದುಕೊಂಡಳು, ಅಷ್ಟೇ. ಲಾಲಮ್ಮ ಬಸ್ಸಿಗೆ ಹೊತ್ತಾಯಿತು ಎಂದಳು.

ಸೋಮವಾರ ತರಗತಿಯಲ್ಲಿ ಮೊದಲ ಸರದಿ ಎಂದಿನಂತೆ ಕೊನೆ ಸಾಲಿಗೆ ಬಂತು. ತಿಮ್ಮವ್ವ ಎದ್ದು ನಿಂತಳು. ತರಗತಿ ಕಾಯಿತು. ಅವಳು ನೆಲ ನೋಡುತ್ತಿದ್ದಳು. ಮರುದಿನವೂ ಹಾಗೇ. ಆ ವಾರವೆಲ್ಲ ಹಾಗೇ. ಕಡೆಗೊಂದು ದಿನ ಮುಂದಿನ ಸಾಲಿನ ಗೌಡರ ಹುಡುಗ ಕಾಯದೆ ಉತ್ತರ ಹೇಳಿಬಿಟ್ಟ. ಅವನನ್ನು ಗದರಿಸಬೇಕಿದ್ದ ಕಲ್ಯಾಣಮ್ಮ ಬೋರ್ಡಿನ ಕಡೆ ತಿರುಗಿ ಅವನ ಉತ್ತರವನ್ನೇ ಬರೆದಳು. ಯಾವ ಬಾಯಿಂದ ಗದರಿಸುವುದು?

ಆ ಹೊತ್ತಿಗೆ ಅವಳ ವಿಧಾನವನ್ನು ಎಲ್ಲ ಶಾಲೆಗಳೂ ಅನುಸರಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಹೆಡ್ ಮಾಸ್ತರರು ಪೇಡೆ ಹಂಚುತ್ತಿದ್ದ ದಿನವೇ ಲಾಲಮ್ಮ ಶಾಲೆಗೆ ಬಂದಳು. ಜಗಳಕ್ಕೆ ಬಂದಿರಲಿಲ್ಲ. ಜಗಳಕ್ಕೆ ಬಂದಿದ್ದರೆ ಕಲ್ಯಾಣಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಮಗಳನ್ನು ಶಾಲೆ ಬಿಡಿಸಿ ಹತ್ತಿ ಬಿಡಿಸಲು ಕರೆದೊಯ್ಯುತ್ತೇನೆ ಎಂದು ಹೇಳಿ, ಬಾಗಿಲ ಹತ್ತಿರ ನಿಂತು ಕೇಳಿದಳು:

“ನೀವು ಬರ್ದ ಪುಸ್ತಕದಾಗ ನಮ್ಮ ಹುಡುಗಿ ಮಾತಾಡ್ತಾಳ ಅಂತ ಐತಂತಲ್ರಿ. ಅದನ್ನ ಹೊಡದು ಹಾಕಾಕ ಬರ್ತದೇನ್ರಿ?”

ಬರುವುದಿಲ್ಲ, ಅಚ್ಚಾಗಿ ಹೋಗಿದೆ ಎಂದಳು ಕಲ್ಯಾಣಮ್ಮ. ಅವಳ ಕಣ್ಣು ತುಂಬಿತ್ತು. ಲಾಲಮ್ಮ ಮಗಳ ಕೈ ಹಿಡಿದುಕೊಂಡಳು.

“ಹಂಗಾರ ಇರ್ಲಿ ಬಿಡ್ರಿ ಟೀಚರ್. ಅದ್ರಾಗರ ಮಾತಾಡ್ಲಿ.”