ಕಾಲು ಹಿಡಿದವನು

"ಹಡದಾಕಿಗೆ ಹಡದ ದಿನಾನ ಗೊತ್ತಿಲ್ಲಂದ್ರ ಇನ್ನ ಯಾರನ್ನ ಕೇಳ್ಬೇಕಬೇ? ಗೌಡರ ಎಮ್ಮೀನ ಕೇಳ್ಲೇನು?"

ಸರಕಾರಿ ವಕೀಲನ ಮಾತಿಗೆ ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಜಡ್ಜ್ ಸಾಹೇಬರು ಪೆನ್ನಿನಿಂದ ಮೇಜು ಕುಟ್ಟಿದರು. ನಗು ನಿಂತಿತು. ಗುತ್ತೆವ್ವ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು.

"ಗೊತ್ತೈತ್ರಿ. ಹತ್ತಿಮತ್ತೂರ ದಾರಿ ಹೊಲದಾಗ ಗೋವಿನಜ್ವಾಳ ಮುರಿಯಾಕತ್ತಿದ್ವಿ. ಬದುವಿನ ಮ್ಯಾಲ ಹಡದೆ. ಹೊಕ್ಕಳಬಳ್ಳಿ ಕುಡಗೋಲಿಲೆ ಕೊಯ್ದ್ರು. ಶನಿವಾರ ಇತ್ರಿ."

"ತಾರೀಖು?"

"ಬರಕೊಳ್ಳಾಕ ಅಲ್ಲಿ ಯಾರಿದ್ರರಿ?"

ಬರೆದುಕೊಂಡವರು ಆಮೇಲೆ ಬಂದರು. ಮಗ ಯಲ್ಲಪ್ಪನನ್ನು ಶಾಲೆಗೆ ಹಾಕುವಾಗ ಮಾಸ್ತರು, "ವಯಸ್ಸು ಕಡಿಮಿ ಬೀಳತೈತಿ. ವರ್ಷ ಒಂದೂವರಿ ಹೆಚ್ಚಿಗಿ ಬರೀತೇನಿ, ಅಕ್ಕನ ಜೋಡಿ ಕುಂಡ್ರಲಿ, ಬಿಸಿಯೂಟರ ಉಣ್ಣತೈತಿ" ಎಂದು ಜೂನ್ ಒಂದನೇ ತಾರೀಖು ಬರೆದರು. ಗುತ್ತೆವ್ವ ಅವರಿಗೆ ಕೈಮುಗಿದು ಬಂದಿದ್ದಳು. ಆ ಲೆಕ್ಕದಲ್ಲಿ, ಕೊಲೆಯಾದ ದಿನ ಯಲ್ಲಪ್ಪನಿಗೆ ಹದಿನೆಂಟು ವರ್ಷ ಎರಡು ತಿಂಗಳು. ತಾಯಿಯ ಲೆಕ್ಕದಲ್ಲಿ ಹದಿನೇಳೂ ತುಂಬಿರಲಿಲ್ಲ.

ಕೊಲೆಯಾದವನು ಸವಣೂರಿನ ಅಫ್ಜಲ, ಟ್ರ್ಯಾಕ್ಟರ್ ಡ್ರೈವರ್. ಕೆರೆ ಏರಿಯ ಮೇಲೆ ಅವನ ಟ್ರೇಲರು ಕರಿಬಸಪ್ಪಗೌಡರ ಮಗ ಪ್ರಶಾಂತನ ಹೊಸ ಬೈಕಿಗೆ ತಾಗಿತು, ಅಷ್ಟೇ. ಮರುದಿನ ಕೂಡಿಟ್ಟಿದ್ದ ಹಳೆ ಗೋವಿನಜೋಳ ತುಂಬಲು ಗೌಡರ ಕಣಕ್ಕೆ ಬಂದವನನ್ನು ಪ್ರಶಾಂತ ಕೆಳಗೆ ಕೆಡವಿದ. ಗೌಡರ ದನದ ಮನೆಯಲ್ಲಿ ಸಗಣಿ ಬಳಿಯುತ್ತಿದ್ದ ಯಲ್ಲಪ್ಪನನ್ನು ಕೂಗಿದ.

"ಏ ಯಲ್ಲ್ಯಾ, ಬಾರಲೇ ಸೂಳಿಮಗನ! ಇವನ ಕಾಲು ಹಿಡಿ!"

ಯಲ್ಲಪ್ಪ ಹಿಡಿದ. ಪ್ರಶಾಂತ ಗುದ್ದಲಿಯ ಕಾವಿನಿಂದ ತಲೆಗೆ ಮೂರು ಏಟು ಹಾಕಿದ. ಕಾಲು ಒದ್ದಾಡುವುದು ನಿಂತ ಮೇಲೂ ಬಿಡಬೇಕೋ ಬೇಡವೋ ತಿಳಿಯದೆ ಯಲ್ಲಪ್ಪ ಹಿಡಿದುಕೊಂಡೇ ಕುಳಿತಿದ್ದ.

"ಯಾಕ ಹಿಡದ್ಯೋ?" ಪೊಲೀಸರು ಕೇಳಿದರು.

"ಧಣ್ಯಾರು ಹಿಡಿ ಅಂದ್ರರಿ."

ಪ್ರಶಾಂತ ಹುಟ್ಟಿದ್ದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ. ಗಂಟೆ, ನಿಮಿಷದ ಸಮೇತ ದಾಖಲೆ ಇತ್ತು. ಹದಿನೆಂಟಕ್ಕೆ ಎರಡು ತಿಂಗಳು ಕಡಿಮೆ. ಅವನ ಕೇಸು ಬಾಲ ನ್ಯಾಯ ಮಂಡಳಿಗೆ ಹೋಯಿತು. ಡಾಕ್ಟರು ಮಾತಾಡಿಸಿದರು. ತಿದ್ದಿದರೆ ತಿದ್ದಿಕೊಳ್ಳುವ ಮಗು ಎಂದು ವರದಿ ಬಂತು. ಮೂರು ವರ್ಷ ವಿಶೇಷ ಗೃಹದಲ್ಲಿರಬೇಕೆಂದು ಆದೇಶವಾಯಿತು. ಅಲ್ಲಿಂದಲೇ ಪಿಯುಸಿ ಪರೀಕ್ಷೆ ಕಟ್ಟಿದ.

ಯಲ್ಲಪ್ಪನ ಕೇಸು ಜಿಲ್ಲಾ ಕೋರ್ಟಿಗೆ ಬಂತು. ಶಾಲೆಯ ದಾಖಲೆ ಇರುವಾಗ ಎಲುಬಿನ ಪರೀಕ್ಷೆ ಬೇಕಿಲ್ಲ ಎಂದರು. ಹೊಡೆದವನಿಗೂ ಹಿಡಿದವನಿಗೂ ಕಾನೂನು ಒಂದೇ ಎಂದರು. ಜೀವಾವಧಿ.

ಹೊರಗೆ ಬೇವಿನ ಗಿಡದ ಕೆಳಗೆ ಗುತ್ತೆವ್ವ ಮಗನ ಪರವಾಗಿ ವಾದಿಸಲು ಸರಕಾರ ಕೊಟ್ಟಿದ್ದ ವಕೀಲ ಚನ್ನೇಶನನ್ನು ತಡೆದಳು.

"ಕಾನೂನ ಒಂದ ಅಂದ್ರಲ್ಲರಿ. ಹೊಡದಾಂವಗ ಮೂರು ವರ್ಷ, ಹಿಡದಾಂವಗ ಸಾಯೂತನ?"

"ಇಬ್ಬರ ಕೋರ್ಟು ಬ್ಯಾರೆ ಬ್ಯಾರೆ ಆದುವಲ್ಲವಾ."

"ಸತ್ತಾಂವ ಒಬ್ಬನ ಅಲ್ಲೇನ್ರಿ?"

ಚನ್ನೇಶ ಫೈಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೇಲಿನ ಕೋರ್ಟಿಗೆ ಅರ್ಜಿ ಹಾಕೋಣ, ವರ್ಷಗಟ್ಟಲೆ ಹಿಡಿಯುತ್ತದೆ ಎಂದು ಹೇಳಿ ನಡೆದ.

ಜೈಲಿನಲ್ಲಿ ಜಾಲರಿಯ ಆಚೆಗೆ ಯಲ್ಲಪ್ಪ ದಪ್ಪಗಾಗಿದ್ದ. ಮೀಸೆ ಆಗಷ್ಟೇ ಚಿಗುರುತ್ತಿತ್ತು.

"ಅಳಬ್ಯಾಡಬೇ. ಇಲ್ಲೆ ಎರಡೂ ಹೊತ್ತು ಹೊಟ್ಟಿತುಂಬ ಹಾಕ್ತಾರ" ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ, "ಸಣ್ಣ ಧಣ್ಯಾರು ಹೊರಗ ಬಂದ್ರೇನು? ಬಂದ್ರ ನನ್ನ ಸಲುವಾಗಿ ಒಂದು ಮಾತು ಹೇಳ್ತಾರ. ಕೇಳಿ ನೋಡು."



ಮೂರು ವರ್ಷ ಮುಗಿಸಿ ಸಣ್ಣ ಧಣಿ ಪ್ರಶಾಂತ ಬರುವ ದಿನ ಗೌಡರ ಮನೆಗೆ ಮಾವಿನ ತೋರಣ ಕಟ್ಟಿದ್ದರು. ಗೌಡತಿ ಸರೋಜವ್ವ ಆರತಿ ತಟ್ಟೆ ಹಿಡಿದು ನಿಂತಿದ್ದರು. ಕಾರು ಓಣಿಗೆ ತಿರುಗಿದಾಗ ಗುತ್ತೆವ್ವ ಬಂದು ಗೇಟಿನ ನಡುವೆ ಕುಂತುಬಿಟ್ಟಳು.

"ಏಳ ಗುತ್ತಿ, ಇವತ್ತ ಮಂಗಳ ಐತಿ. ನಾಳೆ ಬಾ, ಕಾಳು ಹಾಕಸ್ತೇನಿ" ಎಂದರು ಸರೋಜವ್ವ.

"ಕಾಳು ಬ್ಯಾಡ್ರಿ. ನನ್ನ ಮಗ ಬರೂತನ ನಾ ಏಳಂಗಿಲ್ಲ."

ಕರಿಬಸಪ್ಪಗೌಡರು ಕಾರಿನಿಂದ ಇಳಿದರು. "ಏ ಭೋಸಡಿ, ಕೇರಿ ಬಿಟ್ಟು ಬಾಗಲಿಗೆ ಬಂದು ಕುಂತಿ? ನಿನ್ನ ಮಗ ಕೊಲಿಗಡಕ, ತಿಳೀತೇನ? ನಮ್ಮ ಹುಡುಗಂದು ಶಿಕ್ಷಾ ಮುಗೀತು, ಕೇಸಿನ ಕಾಗದಾನೂ ಅಳಿಸ್ಯಾರ, ಏನೂ ಉಳದಿಲ್ಲ."

ಆಳೊಬ್ಬ ಅವರ ಕಣ್ಸನ್ನೆಗೆ ಸಗಣಿ ರಾಡಿಯ ಬಕೀಟು ತಂದು ಅವಳ ತಲೆಯ ಮೇಲೆ ಸುರುವಿದ. ಗುತ್ತೆವ್ವ ಸೆರಗಿನಿಂದ ಕಣ್ಣನ್ನಷ್ಟೇ ಒರೆಸಿಕೊಂಡಳು. ಕಾರಿನೊಳಗೆ ಪ್ರಶಾಂತ ಮೊಬೈಲು ನೋಡುತ್ತಿದ್ದ.

ಅಷ್ಟರಲ್ಲಿ ಸವಣೂರ ಬಸ್ಸಿನಿಂದಿಳಿದ ಮುದುಕಿಯೊಬ್ಬಳು ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಕೊಲೆಯಾದ ಅಫ್ಜಲನ ತಾಯಿ ಮಾಸೂಮಾ. ಗುತ್ತೆವ್ವ ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು. ಮಾಸೂಮಾ ಅವಳನ್ನೊಮ್ಮೆ ನೋಡಿದಳು. ಗೇಟಿನ ಆ ತುದಿಗೆ ಹೋಗಿ, ಇವಳಿಗೆ ಬೆನ್ನು ಮಾಡಿ ಕುಳಿತಳು.

ಡ್ರೈವರ್ ಹಾರ್ನ್ ಒತ್ತಿಯೇ ಒತ್ತಿದ. ಇಬ್ಬರೂ ಏಳಲಿಲ್ಲ.